ಹರಡಿನ ಕೀಲನ್ನು ಬೆಸೆಸುವುದೋ, ಬೇಡವೋ?



ಈ ಪುಟದಲ್ಲಿ ಸಾಮಾನ್ಯವಾಗಿ ನಾನು ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ಬದುಗಳ ದುರಸ್ತಿ ಇಂಥವನ್ನು ಕುರಿತು ಬರೆಯುತ್ತೇನೆ. ಈ ಸಲ ಕಾಲಿನ ವಿಷಯ. ಮಣ್ಣಿನ ಮಾದರಿ ತೆಗೆಯಲು ಹಳ್ಳಿಗಳನ್ನು ಸುತ್ತುವಾಗ ಮೂರು ಬೇರೆ ಬೇರೆ ಊರುಗಳಲ್ಲಿ ಮೂವರು ರೈತರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಕಾಲುಗಿಣ್ಣಿಗೆ ಸ್ಕ್ರೂ ಹಾಕಿ ಬಿಗಿದುಬಿಡುತ್ತೇವೆ ಅಂತಾರೆ ಆಸ್ಪತ್ರೆಯಲ್ಲಿ. ಮಾಡಿಸೋದೋ, ಬೇಡವೋ?"

ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೆ ನಮ್ಮ ತಂದೆಯವರಿಗೆ ಇದೇ ಶಸ್ತ್ರಕ್ರಿಯೆ ಆಗಿದೆ. ಮಾಡಿಸುವ ಮುಂಚೆ ಎರಡು ವರ್ಷ, ಮಾಡಿಸಿದ ಮೇಲೆ ಒಂದು ವರ್ಷ ನಾನೇ ಅವರ ಜೊತೆ ಆಸ್ಪತ್ರೆಗಳಿಗೆ ಓಡಾಡಿದವನು. ಆದುದರಿಂದ ಕಂಡದ್ದನ್ನೂ, ಡಾಕ್ಟರರನ್ನು ಕೇಳಿ, ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲು ಕೀಲಿನ ರಚನೆಯನ್ನು ತಿಳಿಯಬೇಕು. ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಪಾದದ ಮೇಲೆ ಕೂರುವ ಜಾಗವೇ ಹರಡು. ಬಾಗಿಲಿನ ತಿರುಗಣಿಯ ಹಾಗೆ ಇದು ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಇದರ ಕೆಳಗೆ ಇನ್ನೊಂದು ಕೀಲಿದೆ. ಅದು ಪಾದವನ್ನು ಎಡಬಲಕ್ಕೆ ವಾಲಿಸುವಂಥದು. ಬದುವಿನ ಮೇಲೆ, ಉತ್ತ ಹೆಂಟೆಯ ಮೇಲೆ ನಡೆಯುವಾಗ ನಮ್ಮನ್ನು ಬೀಳದಂತೆ ಹಿಡಿಯುವುದು ಈ ಕೆಳಗಿನ ಕೀಲು. ಎರಡನ್ನೂ ಬೇರೆ ಬೇರೆಯಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲುಬಿನ ತುದಿಗಳ ಮೇಲೆ ನುಣುಪಾದ ಮೆದು ಎಲುಬಿನ ಹೊದಿಕೆ ಇರುತ್ತದೆ. ಅದು ಸವೆದರೆ ಎಲುಬಿಗೆ ಎಲುಬು ಉಜ್ಜಿ ನೋವು, ಊತ, ಬಿಗಿತ ಬರುತ್ತವೆ. ಮಂಡಿ ಮುಖ್ಯವಾಗಿ ವಯಸ್ಸಾದಂತೆ ಸವೆಯುವುದು. ಹರಡು ಹಾಗಲ್ಲ. ಬಹುಪಾಲು ಹಳೆಯ ಪೆಟ್ಟಿನಿಂದಲೇ ಅದು ಕೆಡುತ್ತದೆ. ನಮ್ಮ ತಂದೆಯವರು ಗೊಬ್ಬರದ ಮೂಟೆ ಹೊತ್ತು ಕಾಲುವೆ ಇಳಿಯುವಾಗ ಕಾಲು ಹೊರಳಿ ಎಲುಬು ಮುರಿಯಿತು. ಪಟ್ಟು ಕಟ್ಟಿಸಿದೆವು. ಆರು ವಾರದಲ್ಲಿ ಎದ್ದು ನಡೆದರು. ಎಲುಬು ಸ್ವಲ್ಪ ಸೊಟ್ಟಗೆ ಕೂಡಿಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ. ಎಂಟು ವರ್ಷದ ಮೇಲೆ ಆ ಸೊಟ್ಟು ತನ್ನ ಬಡ್ಡಿ ಸಮೇತ ವಸೂಲಿಗೆ ಬಂತು.

ಹರಡಿನ ನೋವೆಲ್ಲ ಸವೆತವೇ ಎಂದು ತಿಳಿಯಬೇಡಿ. ಸಂಜೆ ಜ್ವರ, ತೂಕ ಇಳಿಯುವುದು, ಕೀಲಿನ ಬಳಿ ಕೀವು ಸೋರುವುದು ಇದ್ದರೆ ಕ್ಷಯವಿರಬಹುದು. ಅದಕ್ಕೆ ಮೊದಲು ಔಷಧವೇ ಆಗಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದ ಕೆಂಪಾಗಿ, ಬಿಸಿಯಾಗಿ ಊದಿ, ಆದರೆ ಅಷ್ಟೇನೂ ನೋವಿಲ್ಲದಿದ್ದರೆ ಆ ದಿನವೇ ವೈದ್ಯರ ಬಳಿ ಹೋಗತಕ್ಕದ್ದು. ಅಂಥ ಪಾದದ ಎಲುಬುಗಳು ಒಳಗೇ ಪುಡಿಯಾಗುತ್ತಿರಬಹುದು.

ಇನ್ನು ಬೆಸೆಯುವುದೆಂದರೇನು? ಮಾವಿನ ಕಸಿ ಕಟ್ಟಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೇರು ಗಿಡವನ್ನೂ ಕಸಿ ಕಡ್ಡಿಯನ್ನೂ ಹಸಿ ಭಾಗ ಕಾಣುವಂತೆ ಹೆರೆದು, ಸಂದಿಲ್ಲದಂತೆ ಕೂಡಿಸಿ, ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಬಿಡುತ್ತೇವಷ್ಟೆ. ಇಲ್ಲಿಯೂ ಅಷ್ಟೇ. ಉಳಿದ ಮೆದು ಎಲುಬನ್ನು ಪೂರ್ತಿ ಕೆರೆದು, ರಕ್ತ ಜಿನುಗುವ ಹಸಿ ಎಲುಬಿನವರೆಗೆ ಹೋಗಿ, ಎರಡು ಎಲುಬುಗಳನ್ನು ಒತ್ತಿ, ಎರಡು ಮೂರು ಸ್ಕ್ರೂಗಳಿಂದಲೋ ತಗಡಿನ ಪಟ್ಟಿಯಿಂದಲೋ ಬಿಗಿಯುತ್ತಾರೆ. ತಿಂಗಳುಗಳಲ್ಲಿ ಎರಡೂ ಬೆಳೆದು ಒಂದೇ ಎಲುಬಾಗುತ್ತವೆ. ಕೀಲೇ ಇಲ್ಲವಾದ್ದರಿಂದ ಉಜ್ಜುವುದಿಲ್ಲ, ಉಜ್ಜದಿದ್ದರೆ ನೋವಿಲ್ಲ. ಹೀಗೆ ಎಲುಬುಗಳನ್ನು ಒತ್ತಿ ಹಿಡಿದು ಕೂಡಿಸುವ ಕ್ರಮವನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1951ರಲ್ಲಿ ವಿವರಿಸಿ ಪ್ರಕಟಿಸಿದರು. ಆಗ ಚರ್ಮದ ಹೊರಗಿನಿಂದ ಸರಳುಗಳನ್ನು ತೂರಿಸಿ ಬಿಗಿಯುತ್ತಿದ್ದರು. ಈಗ ಹೆಚ್ಚಾಗಿ ಒಳಗೇ ಸ್ಕ್ರೂ ಕೂರಿಸುತ್ತಾರೆ.

ಕಸಿ ಹಿಡಿಯದೆ ಹೋಗುವುದುಂಟಲ್ಲ? ಇದೂ ಹಾಗೆಯೇ. ನೂರು ಜನರಲ್ಲಿ ಸುಮಾರು ಐದರಿಂದ ಹತ್ತು ಜನರಿಗೆ ಎಲುಬು ಸರಿಯಾಗಿ ಕೂಡುವುದಿಲ್ಲ. ಮತ್ತೆ ಕತ್ತರಿಸಬೇಕಾಗಬಹುದು. ಈ ಲೆಕ್ಕ ಬೀಡಿ ಸೇದುವವರಿಗೆ ಅನ್ವಯಿಸದು. ಅವರಿಗೆ ಅಪಾಯ ಹಲವು ಪಟ್ಟು ಹೆಚ್ಚು. ಹೊಗೆಸೊಪ್ಪಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುವುದರಿಂದ ಕೂಡುವ ಜಾಗಕ್ಕೆ ರಕ್ತ ಸಾಲದು. ಅಗಿಯುವ ಹೊಗೆಸೊಪ್ಪಿನಲ್ಲೂ ಅದೇ ನಿಕೋಟಿನ್ ಇದೆ. ನಮ್ಮ ತಂದೆಯವರಿಗೆ ಡಾಕ್ಟರರು, "ಬೀಡಿ ಬಿಟ್ಟು ಎರಡು ತಿಂಗಳಾದ ಮೇಲೆ ಬನ್ನಿ, ಆಗ ದಿನ ಕೊಡುತ್ತೇನೆ" ಎಂದರು. ಆ ಮಾತಿಗೆ ನಮ್ಮ ತಂದೆಯವರು ಸಿಟ್ಟಾದರು. ನನಗೆ ಮಾತ್ರ ಆ ಡಾಕ್ಟರರ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದಲೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ನಾವು ಹೋಗಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿ ಐದು ನಿಮಿಷದಲ್ಲಿ "ಬೆಸೆಯಬೇಕು" ಎಂದಿದ್ದರು. ಇವರ ಕಸುಬೇನು, ಹೇಗೆ ಕೂರುತ್ತಾರೆ, ಯಾವ ನೆಲದಲ್ಲಿ ನಡೆಯುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಎಕ್ಸ್-ರೇಯಲ್ಲಿ ಸವೆತ ಕಾಣುತ್ತದೆ, ನಿಮ್ಮ ದಿನಚರಿ ಕಾಣುವುದಿಲ್ಲ. ಅದನ್ನು ನೀವೇ ಹೇಳಬೇಕು.

ಹರಡು ಬೆಸೆದ ಮೇಲೆ ಹಿಮ್ಮಡಿ ನೆಲಕ್ಕೂರಿ ಕುಕ್ಕರುಗಾಲಿನಲ್ಲಿ ಕೂರಲಾಗುವುದಿಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳಿ. ಬಯಲಿಗೆ ಹೋಗುವವರು, ನೆಲದ ಕಕ್ಕಸು ಇರುವವರು ಏನು ಮಾಡುತ್ತೀರಿ? ಹಾಲು ಕರೆಯುವುದು ಹೇಗೆ? ರಾಗಿ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಸರಿಯುತ್ತಾ ಕಳೆ ತೆಗೆಯುವ ಹೆಣ್ಣುಮಕ್ಕಳು ಏನು ಮಾಡಬೇಕು? ಗದ್ದೆಯ ಕೆಸರಿನಲ್ಲಿ ಪಾದ ಹೂತಾಗ ಕಿತ್ತು ಎತ್ತುವುದು ಕಷ್ಟ. ಏರು ಹತ್ತುವಾಗ ಪಾದ ಮಡಚದೆ ದೇಹ ಹಿಂದಕ್ಕೆ ಎಳೆಯುತ್ತದೆ. ತೆಂಗು, ಅಡಿಕೆ ಮರ ಹತ್ತುವ ಮಾತು ಬಿಡಬೇಕು. ಟ್ರ್ಯಾಕ್ಟರ್ ಓಡಿಸುವವರ ಬಲಗಾಲಾದರೆ ಬ್ರೇಕನ್ನು ಪಾದದಿಂದಲ್ಲ, ಇಡೀ ಕಾಲಿನಿಂದ ತುಳಿಯುವುದನ್ನು ಹೊಸದಾಗಿ ಕಲಿಯಬೇಕು. ವೈದ್ಯರ ಒಪ್ಪಿಗೆಯಿಲ್ಲದೆ ಓಡಿಸಲೇಬಾರದು.

ಇಷ್ಟನ್ನು ಓದಿ ಹೆದರಬೇಡಿ, ಏಕೆಂದರೆ ಇನ್ನೊಂದು ಮಗ್ಗುಲೂ ಇದೆ. ಬಹಳ ಸವೆದ ಹರಡು ಬೆಸೆಯುವ ಮುಂಚೆಯೇ ಅರ್ಧ ಮರಗಟ್ಟಿರುತ್ತದೆ. ಇವತ್ತೇ ಪರೀಕ್ಷೆ ಮಾಡಿ ನೋಡಿ: ನೋವಿನ ಕಾಲಿನ ಹಿಮ್ಮಡಿ ಎತ್ತದೆ ನೀವು ಈಗ ಕುಕ್ಕರುಗಾಲಿನಲ್ಲಿ ಕೂರಬಲ್ಲಿರಾ? ಆಗದಿದ್ದರೆ, ಶಸ್ತ್ರಕ್ರಿಯೆಯಿಂದ ನೀವು ಕಳೆದುಕೊಳ್ಳುವುದು ಈಗಾಗಲೇ ಕಳೆದುಹೋಗಿರುವುದನ್ನೇ. ಕೂರಬಲ್ಲಿರಾದರೆ ನಷ್ಟ ದೊಡ್ಡದು, ಇನ್ನೂ ಕಾಯುವುದು ಮೇಲು. ಮಟ್ಟಸ ನೆಲದಲ್ಲಂತೂ ಒಳ್ಳೆಯ ಜೋಡು ಹಾಕಿಕೊಂಡರೆ ಬೆಸೆದ ಕಾಲೆಂದು ಗುರುತು ಹಿಡಿಯುವುದೇ ಕಷ್ಟ. ಆಗಲೇ ಹೇಳಿದ ಕೆಳಗಿನ ಕೀಲೂ, ಪಾದದ ಮಧ್ಯದ ಕೀಲುಗಳೂ ಸ್ವಲ್ಪ ಚಲನೆಯನ್ನು ವಹಿಸಿಕೊಳ್ಳುತ್ತವೆ.

ಆದರೆ ಆ ವಹಿಸಿಕೊಂಡ ಭಾರಕ್ಕೂ ಬೆಲೆಯುಂಟು. ಅಮೆರಿಕದ ಅಯೋವಾದ ವೈದ್ಯರು ಹರಡು ಬೆಸೆಸಿಕೊಂಡ 23 ಮಂದಿಯನ್ನು ಸರಾಸರಿ 22 ವರ್ಷಗಳ ನಂತರ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಹೆಚ್ಚಿನವರಲ್ಲಿ ಅದೇ ಪಾದದ ಬೇರೆ ಕೀಲುಗಳು ಸವೆದಿದ್ದವು. ಮಂಡಿಗೆ ಮಾತ್ರ ಅಂಥ ಹಾನಿಯಾಗಿರಲಿಲ್ಲ. ಆದುದರಿಂದ ಮೂವತ್ತರ ಹರೆಯದವರು ಇನ್ನೂ ಹೆಚ್ಚು ಯೋಚಿಸಬೇಕು. ಕೆಳಗಿನ ಕೀಲು ಈಗಾಗಲೇ ಕೆಟ್ಟಿದೆಯೇ ಎಂಬುದನ್ನು ವೈದ್ಯರನ್ನು ಕೇಳಲೇಬೇಕು.

ಕೃತಕ ಕೀಲು ಹಾಕಿಸಬಹುದಲ್ಲ ಎಂದು ಒಬ್ಬರು ಕೇಳಿದರು. ಲೋಹ ಮತ್ತು ಪ್ಲಾಸ್ಟಿಕ್‌ನ ಕೀಲು ಇದೆ, ಪಾದದ ಆಟವೂ ಸ್ವಲ್ಪ ಉಳಿಯುತ್ತದೆ. ಬ್ರಿಟನ್ನಿನಲ್ಲಿ 50ರಿಂದ 85 ವರ್ಷದವರಲ್ಲಿ ಎರಡು ವಿಧಾನಗಳನ್ನೂ ಹೋಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಹೊತ್ತಿಗೆ ನಡೆಯುವುದರಲ್ಲೂ ನಿಲ್ಲುವುದರಲ್ಲೂ ಎರಡು ಗುಂಪಿನವರೂ ಬಹಳ ಸುಧಾರಿಸಿದ್ದರು, ಖಚಿತವಾದ ಹೆಚ್ಚುಕಡಿಮೆ ಕಾಣಲಿಲ್ಲ. ಆದರೆ ಅವರಾರೂ ಐವತ್ತು ಕಿಲೋ ಮೂಟೆ ಹೊತ್ತು ಬದು ದಾಟುವವರಲ್ಲ! ಕೃತಕ ಕೀಲು ಭಾರದ ದುಡಿಮೆಗೆ ಬೇಗ ಸಡಿಲಾಗುವ ಭಯವಿರುವುದರಿಂದ ಮೈಮುರಿದು ದುಡಿಯುವವರಿಗೆ ಹೆಚ್ಚಿನ ವೈದ್ಯರು ಬೆಸೆಯುವುದನ್ನೇ ಹೇಳುತ್ತಾರೆ. ವಯಸ್ಸಾಗಿ ಹಗುರ ಕೆಲಸ ಮಾಡುವವರು ಮಾತ್ರ ಅದನ್ನು ವಿಚಾರಿಸಬಹುದು.

ಇವೆರಡೂ ಬೇಡವೆಂದರೆ ಕಾಲನ್ನು ಹಾಗೆಯೇ ಬಿಡಬೇಕೆಂದಲ್ಲ. ಹರಡನ್ನು ಅಲುಗದಂತೆ ಹಿಡಿಯುವ ಕಟ್ಟು, ಹಿಂದೆ ಮುಂದೆ ಉರುಳುವ ದುಂಡು ಅಟ್ಟೆಯ ಜೋಡು, ನೋವಿಲ್ಲದ ಕಡೆಯ ಕೈಯಲ್ಲಿ ಊರುಗೋಲು, ಹೆಚ್ಚಿನ ತೂಕ ಇಳಿಸುವುದು, ಇವುಗಳಿಂದಲೇ ಹಲವರು ವರ್ಷಗಟ್ಟಲೆ ದೂಡುತ್ತಾರೆ. ಕೋಲನ್ನು ನೋವಿರುವ ಕಡೆಯೇ ಹಿಡಿಯುವವರನ್ನು ದಿನಾ ನೋಡುತ್ತೇನೆ, ಅದು ತಪ್ಪು. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಡುವುದುಂಟು. ಕೀಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ಅಥವಾ ತಿಂಗಳು ನೋವು ತಗ್ಗಿಸುತ್ತದೆ, ಸವೆತವನ್ನು ವಾಸಿಮಾಡದು.

ನಿರ್ಧಾರ ಮಾಡಲಾರದವರಿಗೆ ನಮ್ಮ ಡಾಕ್ಟರರು ಹೇಳಿಕೊಟ್ಟ ಒಂದು ಉಪಾಯವನ್ನು ತಿಳಿಸುತ್ತೇನೆ. ಕತ್ತರಿಸುವ ಮುಂಚೆಯೇ ಹರಡಿಗೆ ನಡೆಯಬಹುದಾದ ಗಟ್ಟಿ ಪಟ್ಟಿ ಅಥವಾ ಬೂಟು ಕಟ್ಟಿಸಿಕೊಂಡು ಕೆಲವು ವಾರ ಇರುವುದು. ಬೆಸೆದ ಕಾಲು ಹೇಗಿರುತ್ತದೆಂಬುದಕ್ಕೆ ಇದೇ ಮಾದರಿ. ಆಗ ನೋವು ಇಳಿದರೆ, ಆ ಬಿಗಿತದಲ್ಲಿ ನಿಮ್ಮ ಕೆಲಸ ಸಾಗಿದರೆ, ಶಸ್ತ್ರಕ್ರಿಯೆಯಿಂದಲೂ ಉಪಯೋಗವಾದೀತು. ನೋವು ಹಾಗೆಯೇ ಇದ್ದರೆ ಅದರ ಮೂಲ ಬೇರೆ ಕಡೆ ಇರಬಹುದು. ನಾವು ಹೊಸ ತಳಿಯನ್ನು ಮೊದಲು ಒಂದು ಗುಂಟೆಯಲ್ಲಿ ಹಾಕಿ ನೋಡುವುದಿಲ್ಲವೇ? ನಮ್ಮ ತಂದೆಯವರು ಹೀಗೆ ಐದು ವಾರ ಕಟ್ಟಿಕೊಂಡಿದ್ದರು. ಮೂರನೆಯ ವಾರ ಒಂದು ರಾತ್ರಿಯೂ ಎಚ್ಚರವಾಗದೆ ನಿದ್ದೆ ಮಾಡಿದರು. ಅವರು ಮನಸ್ಸು ಮಾಡಿದ್ದು ಎಕ್ಸ್-ರೇಯಿಂದಲ್ಲ, ಆ ನಿದ್ದೆಯಿಂದ.

ಕಾಲವನ್ನು ಆರಿಸುವುದು ನಿಮ್ಮ ಕೈಯಲ್ಲಿದೆ. ಇದು ಗಂಟೆ ನೋಡಿ ಮಾಡಬೇಕಾದ ತುರ್ತು ಚಿಕಿತ್ಸೆಯಲ್ಲ. ಪಾದ ದಿನೇ ದಿನೇ ಸೊಟ್ಟಗಾಗುತ್ತಿದ್ದರೆ ಮಾತ್ರ ತಡಮಾಡಬಾರದು. ಸಾಮಾನ್ಯವಾಗಿ ಆರು ವಾರ ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ. ಪಟ್ಟಿ, ಬೂಟು ಎಲ್ಲ ಸೇರಿ ಸುಮಾರು ಮೂರು ತಿಂಗಳು. ಹೊಲದ ಗಟ್ಟಿ ಕೆಲಸಕ್ಕೆ ಆರು ತಿಂಗಳೆಂದೇ ಲೆಕ್ಕ ಹಾಕಿ. ಊತ ಪೂರ್ತಿ ಇಳಿಯಲು ವರ್ಷವೂ ಬೇಕಾದೀತು. ಮಳೆಯಾಶ್ರಿತ ರಾಗಿ ಬೆಳೆಯುವವರು ಕಣದ ಕೆಲಸ ಮುಗಿಸಿ ಜನವರಿಯಲ್ಲಿ ಮಾಡಿಸಿದರೆ ಮುಂಗಾರಿನ ಹೊತ್ತಿಗೆ ನಡೆದಾಡಬಹುದು, ಆದರೆ ಆ ವರ್ಷದ ಉಳುಮೆಗೆ ಬೇರೆ ಆಳನ್ನು ಗೊತ್ತುಮಾಡಿಕೊಳ್ಳಿ. ಆ ಆರು ವಾರ ದನಗಳಿಗೆ ಮೇವು ಹಾಕುವವರು ಯಾರು, ನಿಮ್ಮನ್ನು ಎತ್ತಿ ಕೂರಿಸುವವರು ಯಾರು ಎಂಬುದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಈ ಭಾರವೆಲ್ಲ ಹೆಂಡತಿಯ ಮೇಲೆ ಬೀಳುವುದು. ಅವರನ್ನು ಕೇಳದೆ ದಿನ ಗೊತ್ತುಮಾಡಬಾರದು.

ಸಕ್ಕರೆ ಕಾಯಿಲೆ ಇದ್ದವರು ಅದನ್ನು ಮೊದಲು ಹತೋಟಿಗೆ ತರಬೇಕು, ಇಲ್ಲವಾದರೆ ಗಾಯ ಕೀವಾಗುವ, ಎಲುಬು ಕೂಡದಿರುವ ಭಯ ಹೆಚ್ಚು. ಪಟ್ಟಿಯಲ್ಲಿದ್ದಾಗ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುವುದುಂಟು. ನಿಮಗೆ ಹೇಳಿರುವ ಶಸ್ತ್ರಕ್ರಿಯೆ, ಸ್ಕ್ರೂಗಳ ಬೆಲೆ ಸಹಿತ, ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ದಾಖಲಾಗುವ ಮುಂಚೆಯೇ ಕೇಳಿ. ಯೋಜನೆ ಕೊಡದ ಖರ್ಚೊಂದಿದೆ: ಕುರ್ಚಿಯಂತೆ ಕೂರುವ ಕಕ್ಕಸು. ಅದನ್ನು ಕಾಲು ಕತ್ತರಿಸುವ ಮುಂಚೆಯೇ ಕೂರಿಸಿ. ನಾವು ಆಮೇಲೆ ಮಾಡಿದೆವು, ಆ ಎರಡು ವಾರ ಪಟ್ಟ ಪಾಡು ಹೇಳತೀರದು.

ನಮ್ಮ ತಂದೆಯವರು ಈಗ ಬೆಳಿಗ್ಗೆ ತೋಟದವರೆಗೆ ನೋವಿಲ್ಲದೆ ನಡೆದು ಬರುತ್ತಾರೆ, ಗಿಡ್ಡ ಮಣೆಯ ಮೇಲೆ ಕೂತು ಹಾಲು ಕರೆಯುತ್ತಾರೆ. ಕೆಸರು ಗದ್ದೆಯನ್ನು ನಮ್ಮ ಚಿಕ್ಕಪ್ಪನವರಿಗೆ ವಾರಕ್ಕೆ ಕೊಟ್ಟಿದ್ದಾರೆ. ನಾಟಿಯ ದಿನ ಮಾತ್ರ ಬದುವಿನ ಮೇಲೆ ನಿಂತು ಅವರನ್ನು ಬೈಯುತ್ತಿರುತ್ತಾರೆ.

ಈ ವಿಷಯದಲ್ಲಿ ಮಾತಾಡಬೇಕೆನ್ನುವವರು ಸೋಮವಾರ ಬೆಳಿಗ್ಗೆ ಪಂಚಾಯಿತಿ ಕಚೇರಿಯಲ್ಲಿ ನನ್ನನ್ನು ಕಾಣಬಹುದು. ಹಳೆಯ ಮತ್ತು ಹೊಸ ಎಕ್ಸ್-ರೇಗಳನ್ನು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು, ದಿನವೆಲ್ಲ ತೊಡುವ ಜೋಡನ್ನು ತನ್ನಿ. ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತೇನೆ.