ಹಿನ್ನೆಲೆಯನ್ನು ಮಸುಕು ಮಾಡುವ ಬಗೆ

ಮದುವೆ ಆಲ್ಬಮ್ಮಿನಲ್ಲಿ ಮದುಮಗಳ ಮುಖ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಅವಳ ಹಿಂದಿದ್ದ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಓಡಾಡುವ ನೆಂಟರಿಷ್ಟರು ಮಾತ್ರ ಬಣ್ಣದ ಮಬ್ಬಾಗಿ ಕರಗಿಹೋಗಿರುತ್ತಾರೆ. ಹೊಸದಾಗಿ ಕ್ಯಾಮೆರಾ ಹಿಡಿದವರೆಲ್ಲ ಕೇಳುವ ಪ್ರಶ್ನೆ: ಇದನ್ನು ಮಾಡುವುದು ಹೇಗೆ? ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ದುಬಾರಿ ಲೆನ್ಸು. ಲೆನ್ಸಿನ ಪಾಲು ಇರುವುದು ನಿಜ. ಆದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದರ ಪಾಲೂ ಅಷ್ಟೇ ದೊಡ್ಡದು, ಮತ್ತು ಅದಕ್ಕೆ ಕಾಸು ಖರ್ಚಿಲ್ಲ.

ಬಿಂದು ಬಿಲ್ಲೆಯಾಗುವುದು

ನಾವು ನೋಡುವ ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ಕಡೆಗೆ ಹರಡುತ್ತದೆ. ಅದರಲ್ಲಿ ಲೆನ್ಸಿನ ಕಿಂಡಿಯೊಳಗೆ ನುಗ್ಗಿದಷ್ಟನ್ನು ಲೆನ್ಸು ಬಾಗಿಸಿ ಮತ್ತೆ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಕೂಡುವ ಜಾಗ ಸರಿಯಾಗಿ ಸೆನ್ಸರಿನ ಮೇಲಿದ್ದರೆ ಚಿತ್ರ ಸ್ಪಷ್ಟ. ನಾವು ಮುಖಕ್ಕೆ ಫೋಕಸ್ ಮಾಡಿದಾಗ ಹಿಂದಿನ ಮರದ ಬೆಳಕು ಸೆನ್ಸರಿಗೆ ಮುಟ್ಟುವ ಮೊದಲೇ ಕೂಡಿ, ಮತ್ತೆ ಹರಡಿಕೊಂಡು ಬೀಳುತ್ತದೆ. ಆಗ ಎಲೆಯ ಒಂದೊಂದು ಬಿಂದುವೂ ಒಂದು ಬಿಲ್ಲೆಯಾಗುತ್ತದೆ. ಇಂಥ ಸಾವಿರಾರು ಬಿಲ್ಲೆಗಳು ಒಂದರ ಮೇಲೊಂದು ಬಿದ್ದಾಗ ಕಾಣುವುದೇ ಮಸುಕು.

ಕಿಂಡಿ ಅಗಲವಾದಷ್ಟೂ ಬಿಲ್ಲೆ ದೊಡ್ಡದು, ಕಿರಿದಾದಷ್ಟೂ ಸಣ್ಣದು. ಕನ್ನಡಕ ಮರೆತು ಬಂದವರು ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುವುದು ಇದೇ ಕಾರಣಕ್ಕೆ. ಮಸುಕು ಬೇಕಾದ ಫೋಟೋಗ್ರಾಫರ್ ಅದರ ತದ್ವಿರುದ್ಧ ಮಾಡಬೇಕು: ಕಿಂಡಿಯನ್ನು ಪೂರಾ ತೆರೆಯಬೇಕು.

ಎಫ್ ಸಂಖ್ಯೆಯ ಲೆಕ್ಕ

ಈ ಕಿಂಡಿಯೇ ಅಪರ್ಚರ್. ಅದರ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ: 1.4, 2, 2.8, 4, 5.6, 8, 11, 16. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎಂಬುದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಭಾಗಾಕಾರ ತಿಳಿದರೆ ಗೊಂದಲವಿಲ್ಲ. ಲೆನ್ಸಿನ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ನಿಜವಾದ ಅಗಲ ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಎಂದರೆ ಸುಮಾರು 28 ಮಿ.ಮೀ. ಅಗಲ. ಅದೇ ಲೆನ್ಸಿನಲ್ಲಿ ಎಫ್/8 ಎಂದರೆ ಬರೀ 6 ಮಿ.ಮೀ. ಚಿಲ್ಲರೆ.

ಕ್ಯಾಮೆರಾದ ಜೊತೆಗೇ ಬರುವ 18–55 ಮಿ.ಮೀ. ಕಿಟ್ ಲೆನ್ಸಿನಲ್ಲಿ ಈ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. 18 ಮಿ.ಮೀ.ನಲ್ಲಿ ಅದು ಎಫ್/3.5ರವರೆಗೆ ತೆರೆಯುತ್ತದೆ, 55 ಮಿ.ಮೀ.ಗೆ ಝೂಮ್ ಮಾಡಿದಾಗ ಎಫ್/5.6ಕ್ಕೇ ನಿಲ್ಲುತ್ತದೆ. ಸಂಖ್ಯೆ ಚಿಕ್ಕದಿರುವ 18ರಲ್ಲೇ ಹೆಚ್ಚು ಮಸುಕು ಸಿಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಭಾಗಿಸಿ ನೋಡಿ: 18ರಲ್ಲಿ ಕಿಂಡಿ ಸುಮಾರು 5 ಮಿ.ಮೀ., 55ರಲ್ಲಿ ಸುಮಾರು 10 ಮಿ.ಮೀ. ಅಂದರೆ ಎರಡರಷ್ಟು. ಕಿಟ್ ಲೆನ್ಸಿನಲ್ಲಿ ಮಸುಕು ಬೇಕಿದ್ದರೆ ಝೂಮನ್ನು ತುದಿಯವರೆಗೆ ತಿರುಗಿಸಲೇಬೇಕು.

ದೂರದ ಗಣಿತ

ಮಸುಕಿನ ಬಿಲ್ಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಮೊದಲೇ ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ. ಹಿನ್ನೆಲೆ ತುಂಬಾ ದೂರವಿದ್ದರೆ, ಅಲ್ಲಿನ ಒಂದು ದೀಪವು ನಮ್ಮ ಎದುರಿಗಿರುವವರ ಮುಖದ ಪಕ್ಕದಲ್ಲಿ ಕಿಂಡಿಯಷ್ಟೇ ಅಗಲದ ಬಿಲ್ಲೆಯಾಗಿ ಕಾಣುತ್ತದೆ. ದಸರೆಯ ಸಂಜೆ ಮೈಸೂರು ಅರಮನೆಯ ದೀಪಗಳಿಗೆ ಬೆನ್ನು ಮಾಡಿ ನಿಂತ ಗೆಳತಿಯ ಫೋಟೋವನ್ನು ಎಫ್/1.8ರ 50 ಮಿ.ಮೀ. ಲೆನ್ಸಿನಲ್ಲಿ ತೆಗೆದಿರೆನ್ನಿ. ಅರಮನೆಯ ಒಂದೊಂದು ಬಲ್ಬೂ ಅವಳ ಮುಖದ ಅಳತೆಗೆ ಹೋಲಿಸಿದರೆ 28 ಮಿ.ಮೀ. ಬಿಲ್ಲೆ, ಹೆಚ್ಚುಕಡಿಮೆ ಅವಳ ಕಣ್ಣಿನಷ್ಟು ಅಗಲ. ಬಲ್ಬುಗಳು ಒತ್ತೊತ್ತಾಗಿರುವುದರಿಂದ ಬಿಲ್ಲೆಗಳು ಒಂದರೊಳಗೊಂದು ಬೆರೆತು ಇಡೀ ಹಿನ್ನೆಲೆ ಹೊಂಬಣ್ಣದ ಪರದೆಯಾಗುತ್ತದೆ.

ಹಿನ್ನೆಲೆ ಹತ್ತಿರವಿದ್ದರೆ ಬಿಲ್ಲೆ ಕುಗ್ಗುತ್ತದೆ. ವ್ಯಕ್ತಿಯಿಂದ ಹಿನ್ನೆಲೆಗಿರುವ ದೂರವನ್ನು ಕ್ಯಾಮೆರಾದಿಂದ ಹಿನ್ನೆಲೆಗಿರುವ ದೂರದಿಂದ ಭಾಗಿಸಿ, ಕಿಂಡಿಯ ಅಗಲದಿಂದ ಗುಣಿಸಿದರೆ ಆಯಿತು. ವ್ಯಕ್ತಿ ಕ್ಯಾಮೆರಾದಿಂದ 2 ಮೀಟರ್ ದೂರದಲ್ಲಿದ್ದಾರೆ ಎಂದುಕೊಳ್ಳಿ. ಗೋಡೆ ಅವರ ಬೆನ್ನಿಗೆ ಅರ್ಧ ಮೀಟರ್ ಹಿಂದಿದ್ದರೆ 28 ಮಿ.ಮೀ. ಕಿಂಡಿಯ ಬಿಲ್ಲೆ 6 ಮಿ.ಮೀ.ಗೂ ಕಡಿಮೆ. ಗೋಡೆ 2 ಮೀಟರ್ ಹಿಂದಿದ್ದರೆ 14, 8 ಮೀಟರ್ ಹಿಂದಿದ್ದರೆ 22. ಅಲ್ಲಿಂದಾಚೆಗೆ ಎಷ್ಟು ದೂರ ಹೋದರೂ 28ನ್ನು ದಾಟುವುದಿಲ್ಲ. ಹಾಗಾಗಿ ಮೊದಲ ಕೆಲವು ಮೀಟರುಗಳಲ್ಲೇ ಹೆಚ್ಚಿನ ಲಾಭ.

ಈಗ ಕಿಟ್ ಲೆನ್ಸನ್ನು ಈ ಲೆಕ್ಕಕ್ಕೆ ಹಚ್ಚಿ. 55 ಮಿ.ಮೀ., ಎಫ್/5.6, ಕಿಂಡಿ 10 ಮಿ.ಮೀ., ಹಿನ್ನೆಲೆ 8 ಮೀಟರ್ ಹಿಂದೆ. ಬಿಲ್ಲೆ ಸುಮಾರು 8 ಮಿ.ಮೀ. ಗೋಡೆಗೆ ಒರಗಿಸಿದಂತೆ ನಿಲ್ಲಿಸಿ ಎಫ್/1.8ರ ಲೆನ್ಸಿನಲ್ಲಿ ತೆಗೆದ ಫೋಟೋಕ್ಕಿಂತ ಇದರ ಹಿನ್ನೆಲೆಯೇ ಹೆಚ್ಚು ಮಸುಕು! ಲೆನ್ಸು ಬದಲಿಸುವ ಮುನ್ನ ಜಾಗ ಬದಲಿಸಿ ಎನ್ನುವುದು ಇದಕ್ಕೇ.

ನೀವು ಹತ್ತಿರ ಹೋಗುವುದು ಇನ್ನೊಂದು ಉಪಾಯ. 2 ಮೀಟರಿನಿಂದ 1 ಮೀಟರಿಗೆ ಬಂದರೆ ಚಿತ್ರದಲ್ಲಿ ಮುಖ ಎರಡರಷ್ಟಾಗುತ್ತದೆ, ಅದರ ಜೊತೆ ದೂರದ ಹಿನ್ನೆಲೆಯ ಬಿಲ್ಲೆಯೂ ಎರಡರಷ್ಟಾಗುತ್ತದೆ. ಹತ್ತಿರ ಹೋಗಲಾಗದ ಕಡೆ ಉದ್ದನೆಯ ಲೆನ್ಸು ಬೇಕಾಗುತ್ತದೆ. ರಂಗನತಿಟ್ಟಿನಲ್ಲಿ ಹಕ್ಕಿಯ ಫೋಟೋ ತೆಗೆಯುವವರ 400 ಮಿ.ಮೀ. ಲೆನ್ಸು ಎಫ್/5.6ರಲ್ಲೂ 71 ಮಿ.ಮೀ. ಕಿಂಡಿ ತೆರೆಯುತ್ತದೆ. ಹಿನ್ನೆಲೆ ಸಾಕಷ್ಟು ದೂರವಿದ್ದರೆ ಬಿಲ್ಲೆ ಮಿಂಚುಳ್ಳಿಯ ತಲೆಗಿಂತ ದೊಡ್ಡದು. ಕಾವೇರಿಯ ಆಚೆ ದಡದ ಪೊದೆಗಳೆಲ್ಲ ಒಂದೇ ಹಸಿರಾಗಿ ಕಾಣುವುದರ ಗುಟ್ಟು ಇದು.

ಕೈಕೊಡುವ ಮೂರು ಜಾಗ

ಮೊದಲನೆಯದು ಫೋಕಸ್. ಕಿಂಡಿ ತೆರೆದಷ್ಟೂ ಸ್ಪಷ್ಟವಾಗಿ ಕಾಣುವ ಆಳ ತೆಳುವಾಗುತ್ತದೆ. ಇದನ್ನೇ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ಫುಲ್ ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸು, 2 ಮೀಟರ್ ದೂರ ಎಂದಾದರೆ ಎಫ್/8ರಲ್ಲಿ ಈ ಆಳ ಸುಮಾರು 80 ಸೆಂ.ಮೀ., ಎಫ್/1.8ರಲ್ಲಿ ಸುಮಾರು 17 ಸೆಂ.ಮೀ. 1 ಮೀಟರಿಗೆ ಬಂದರೆ ಎಫ್/1.8ರಲ್ಲಿ ಉಳಿಯುವುದು 4 ಸೆಂ.ಮೀ. ಮಾತ್ರ. ಮೂಗಿನ ತುದಿಗೆ ಫೋಕಸ್ ಆದರೆ ಕಣ್ಣೇ ಮಸುಕಾಗಬಹುದು. ಆದ್ದರಿಂದ ಫೋಕಸ್ ಬಿಂದುವನ್ನು ನೀವೇ ಆರಿಸಿ, ನಿಮಗೆ ಹತ್ತಿರವಿರುವ ಕಣ್ಣಿನ ಮೇಲೆ ಇಡಿ. ಹೊಸ ಕ್ಯಾಮೆರಾಗಳಲ್ಲಿ ಕಣ್ಣನ್ನು ಗುರುತಿಸುವ ಫೋಕಸ್ ಇರುತ್ತದೆ, ಅದನ್ನು ಆನ್ ಮಾಡಿಕೊಳ್ಳಿ.

ಎರಡನೆಯದು ಬಿಸಿಲು. ಅಗಲವಾದ ಕಿಂಡಿಯಿಂದ ಬೆಳಕೂ ಧಾರಾಳವಾಗಿ ಒಳಬರುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್ಒ 100 ಇಟ್ಟು ಎಫ್/1.8ರಲ್ಲಿ ತೆಗೆಯಲು 1/8000 ಸೆಕೆಂಡಿನ ಆಸುಪಾಸಿನ ಶಟರ್ ವೇಗ ಬೇಕು. ಆರಂಭದ ದರ್ಜೆಯ ಎಷ್ಟೋ ಕ್ಯಾಮೆರಾಗಳ ಶಟರ್ 1/4000ಕ್ಕೇ ನಿಲ್ಲುತ್ತದೆ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಮರದ ನೆರಳಿಗೆ ಸರಿಯುವುದು ಸುಲಭದ ದಾರಿ. ಇಲ್ಲವೇ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು.

ಮೂರನೆಯದು ಗುಂಪು. ಎರಡು ಸಾಲಿನಲ್ಲಿ ನಿಂತ ನೆಂಟರನ್ನು ಎಫ್/1.8ರಲ್ಲಿ ತೆಗೆದರೆ ಮುಂದಿನ ಸಾಲಿನ ಅಜ್ಜಿ ಸ್ಪಷ್ಟವಾಗಿ, ಹಿಂದಿನ ಸಾಲಿನ ಚಿಕ್ಕಪ್ಪ ಮಸುಕಾಗಿ ಬಂದಾರು. ಇಲ್ಲಿ ಎಫ್/5.6 ಅಥವಾ ಎಫ್/8 ಇಡುವುದೇ ಲೇಸು.

ಮೊಬೈಲ್ ಮಾಡುವ ಕೆಲಸ

ಮೊಬೈಲಿನ ಮುಖ್ಯ ಕ್ಯಾಮೆರಾದ ಮೇಲೂ ಎಫ್/1.8 ಎಂದು ಬರೆದಿರುತ್ತದೆ. ಆದರೆ ಅದರ ಫೋಕಲ್ ಲೆಂತ್ 7 ಮಿ.ಮೀ. ಆಸುಪಾಸಿನದು. ಭಾಗಿಸಿದರೆ ಕಿಂಡಿ 4 ಮಿ.ಮೀ. ಕೂಡ ಇಲ್ಲ. ಮುಖದ ಫೋಟೋದಲ್ಲಿ ದೊಡ್ಡ ಮಸುಕು ಅದರಿಂದ ತಾನಾಗಿ ಬರುವುದಿಲ್ಲ. ಆ ಕೊರತೆಯನ್ನು ಲೆಕ್ಕಾಚಾರದಿಂದ ತುಂಬುವುದೇ ಪೋರ್ಟ್ರೇಟ್ ಮೋಡ್. 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾಗಳ ನೋಟದ ವ್ಯತ್ಯಾಸದಿಂದ ದೂರವನ್ನು ಅಳೆದು ಹಿನ್ನೆಲೆಯನ್ನು ಮಸುಕು ಮಾಡಿತು. 2017ರಲ್ಲಿ ಗೂಗಲ್ ಪಿಕ್ಸೆಲ್ 2 ಹಿಂಬದಿಯ ಒಂದೇ ಕ್ಯಾಮೆರಾದಿಂದ ಇದನ್ನು ಸಾಧಿಸಿತು.

ಲೆಕ್ಕ ತಪ್ಪುವುದು ಅಂಚಿನಲ್ಲಿ. ಹಾರುವ ಕೂದಲು, ಕನ್ನಡಕದ ಕಡ್ಡಿ, ಜಡೆಯಿಂದ ಹೊರಚಾಚಿದ ಮಲ್ಲಿಗೆಯ ಎಸಳು, ಸೊಂಟದ ಮೇಲಿಟ್ಟ ಕೈ ಮತ್ತು ಮೈಯ ನಡುವಿನ ಸಂದು: ಇವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಮಸುಕಾಗಬೇಕಾದದ್ದು ಸ್ಪಷ್ಟವಾಗಿಯೂ ಸ್ಪಷ್ಟವಾಗಿರಬೇಕಾದದ್ದು ಮಸುಕಾಗಿಯೂ ಬಂದಿರಬಹುದು. ಇಲ್ಲೂ ಸರಳ ಹಿನ್ನೆಲೆಯಿಂದ ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸಿದರೆ ಮೊಬೈಲಿನ ಕೆಲಸ ಹಗುರವಾಗುತ್ತದೆ.

ಮಸುಕು ಯಾವಾಗ ಬೇಡ

1932ರಲ್ಲಿ ಕ್ಯಾಲಿಫೋರ್ನಿಯಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕೂಡಿ ಗ್ರೂಪ್ ಎಫ್/64 ಎಂಬ ತಂಡ ಕಟ್ಟಿದರು. ಅವರ ದೊಡ್ಡ ಕ್ಯಾಮೆರಾಗಳಲ್ಲಿ ಎಫ್/64 ಬಹಳ ಕಿರಿದಾದ ಕಿಂಡಿ. ಎದುರಿನ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂಬುದು ಅವರ ಹಟ. ಆ ಹಟಕ್ಕೂ ಅರ್ಥವಿದೆ. ಕುಂಬಾರನ ಫೋಟೋದಲ್ಲಿ ಹಿಂದಿನ ಆವಿಗೆ, ಸಾಲಾಗಿ ಒಣಗುತ್ತಿರುವ ಮಡಕೆಗಳು ಅವನ ಬದುಕನ್ನು ಹೇಳುತ್ತವೆ. ಅವನ್ನು ಅಳಿಸಿದರೆ ಉಳಿಯುವುದು ಯಾರದೋ ಮುಖ. ಹಿನ್ನೆಲೆಗೆ ಹೇಳಲು ಏನೂ ಇಲ್ಲದಿದ್ದಾಗ, ಅಥವಾ ಅದು ಗಮನ ಕದಿಯುವಾಗ ಮಸುಕು ಮಾಡಿ.

ಮಾಡಿ ನೋಡಿ

ಕ್ಯಾಮೆರಾದ ಡಯಲನ್ನು ಎ ಅಥವಾ ಎವಿ ಮೋಡಿಗೆ ತಿರುಗಿಸಿ, ಝೂಮನ್ನು ತುದಿಗೆ ಒಯ್ಯಿರಿ, ಎಫ್ ಸಂಖ್ಯೆಯನ್ನು ಆದಷ್ಟು ಇಳಿಸಿ. ಮನೆಯವರೊಬ್ಬರನ್ನು ಕಾಂಪೌಂಡ್ ಗೋಡೆಗೆ ತಾಗಿಸಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಆಮೇಲೆ ಅವರೂ ನೀವೂ ಗೋಡೆಯಿಂದ ಹತ್ತು ಹೆಜ್ಜೆ ಈಚೆಗೆ ಬಂದು, ನಿಮ್ಮಿಬ್ಬರ ನಡುವಿನ ಅಂತರವನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೊಸ ಲೆನ್ಸು ಬೇಕೇ ಬೇಡವೇ ಎಂಬುದನ್ನು ಆಮೇಲೆ ತೀರ್ಮಾನಿಸಿ.