ನೀಲಗಿರಿ ಮರ ನೀಲಗಿರಿಯದ್ದಲ್ಲ!

ಗೂಡಲೂರು ದಾಟಿ ಘಾಟಿ ಹತ್ತುತ್ತಿದ್ದೆವು. ತಣ್ಣನೆ ಗಾಳಿ ಬರಲಿ ಅಂತ ಕಾರಿನ ಗಾಜು ಇಳಿಸಿದೆ. ಗಾಳಿಯ ಜೊತೆ ಒಂದು ವಾಸನೆಯೂ ಒಳಗೆ ಬಂತು. ನೆಗಡಿಯಾದಾಗ ಅಮ್ಮ ಕರ್ಚೀಫಿಗೆ ಹಾಕಿಕೊಡುತ್ತಿದ್ದ ಎಣ್ಣೆಯ ವಾಸನೆ. ರಸ್ತೆಯ ಎರಡೂ ಕಡೆ ಆಕಾಶ ಮುಟ್ಟುವ ಹಾಗೆ ನಿಂತ ನೀಲಗಿರಿ ಮರಗಳು.

ಪಕ್ಕದಲ್ಲಿ ಕೂತಿದ್ದ ಅಪ್ಪ ಸುಮ್ಮನಿರಲಿಲ್ಲ. "ಇದೇನಮ್ಮಾ, ಮುನ್ನೂರು ಕಿಲೋಮೀಟ್ರು ಬಂದು ಮತ್ತೆ ನಮ್ ತೋಪನ್ನೇ ನೋಡ್ಬೇಕಾ?"

ನಗು ಬಂತು. ಆದರೆ ಆ ಮಾತಿನ ಹಿಂದೆ ಏನಿತ್ತು ಅಂತಲೂ ಗೊತ್ತಿತ್ತು.

ನಮ್ಮದು ಮಾಲೂರು ತಾಲ್ಲೂಕಿನ ಒಂದು ಸಣ್ಣ ಊರು. ಎರಡು ಎಕರೆ ಹೊಲ. ರಾಗಿ ಕೈಗೆ ಹತ್ತದೆ, ಕೂಲಿಗೆ ಆಳು ಸಿಗದೆ, ನಾನು ಚಿಕ್ಕವಳಿದ್ದಾಗ ಅಪ್ಪ ಅದಕ್ಕೆ ನೀಲಗಿರಿ ಹಾಕಿದರು. ಒಂದು ಸಲ ನೆಟ್ಟರೆ ಸಾಕು. ಐದಾರು ವರ್ಷಕ್ಕೊಮ್ಮೆ ಕಡಿದು ಟನ್ ಲೆಕ್ಕದಲ್ಲಿ ಮಾರಬಹುದು, ಬೊಡ್ಡೆಯಿಂದ ಅದೇ ಮತ್ತೆ ಚಿಗುರುತ್ತೆ. ನಾನು ಎಂಜಿನಿಯರಿಂಗ್ ಸೇರಿದ ವರ್ಷ ಫೀಸು ಕಟ್ಟಿದ್ದು ಆ ತೋಪು ಕಡಿದ ದುಡ್ಡಲ್ಲೇ. ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ಎಣಿಸುತ್ತಿದ್ದೇನೆ ಅಂದರೆ ಅದರಲ್ಲಿ ನೀಲಗಿರಿಯ ಪಾಲಿದೆ.

ಈ ನಡುವೆ ಪಕ್ಕದ ಹೊಲದ ಚಿಕ್ಕಪ್ಪನ ಬೋರು ಬತ್ತಿತು. ಇನ್ನೊಂದು ಕೊರೆಸಿದರು, ಸಾವಿರ ಅಡಿ ದಾಟಿದರೂ ಧೂಳೇ. ಅದಕ್ಕೆ ನೀಲಗಿರಿಯೊಂದೇ ಕಾರಣ ಅಂತ ನಾನು ಹೇಳಲ್ಲ. ಮಳೆ ಕಮ್ಮಿ, ಊರ ತುಂಬಾ ಬೋರು, ಕೆರೆಗಳಲ್ಲಿ ಹೂಳು. ಆದರೆ ಬೇಗ ಬೆಳೆಯುವ, ಆಳಕ್ಕೆ ಬೇರಿಳಿಸುವ ಮರ ನೀರು ಕುಡಿಯದೆ ಬೆಳೆಯುತ್ತಾ? 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇರುವ ಬೊಡ್ಡೆಗಳು ಮಾತ್ರ ಚಿಗುರುತ್ತಲೇ ಇದ್ದವು.

ಈ ವರ್ಷ ತೋಪು ಮತ್ತೆ ಕಟಾವಾಯಿತು. ಬೊಡ್ಡೆ ಬಿಡೋದಾ, ಕೀಳಿಸೋದಾ? ಮುಂದಿನ ಕಟಾವಿಗೆ ಈಗಲೇ ಮುಂಗಡ ಕೊಡ್ತೀನಿ ಅಂತ ವ್ಯಾಪಾರಿ ಮನೆಗೇ ಬಂದಿದ್ದ. ಯುಗಾದಿಯೊಳಗೆ ಹೇಳ್ತೀನಿ ಅಂದಿದ್ದರು ಅಪ್ಪ. ನಾನು ಕೀಳಿಸಿ ಅಂದಾಗಲೆಲ್ಲ ಮನೆಯಲ್ಲಿ ಜಗಳ. ಎರಡು ದಿನ ಆ ಮಾತೇ ಬೇಡ ಅಂತ ಫೆಬ್ರವರಿಯಲ್ಲಿ ಅಪ್ಪನನ್ನು ಊಟಿಗೆ ಹೊರಡಿಸಿದೆ. ನೋಡಿದರೆ ಆ ಮಾತೇ ದಾರಿಯುದ್ದಕ್ಕೂ ಸಾಲಾಗಿ ನಿಂತಿತ್ತು!

ನೋಡಿದ್ದೆಲ್ಲ ಮನುಷ್ಯರು ಮಾಡಿದ್ದೇ

ಊಟಿ ಇರೋದು ಸುಮಾರು 2240 ಮೀಟರ್ ಎತ್ತರದಲ್ಲಿ. ಮೊದಲ ದಿನ ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಬೋಟಿಂಗ್ ಮಾಡುವ ಕೆರೆ, 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ್ದು. ಬೊಟಾನಿಕಲ್ ಗಾರ್ಡನ್, 1848ರಲ್ಲಿ ಶುರುವಾಗಿದ್ದು. ಅಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ, ಕಲ್ಲಾಗಿಹೋದ ಮರದ ದಿಮ್ಮಿಯೊಂದಿದೆ, ತಪ್ಪಿಸಬೇಡಿ. ಆಮೇಲೆ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಪೈನ್ ಕಾಡು. ಅದೂ ನೆಟ್ಟಿದ್ದೇ. ಟೀ ತೋಟದ ಬಗ್ಗೆ ಹೇಳುವುದೇ ಬೇಡ.

ಇನ್ನು ನೀಲಗಿರಿ ಮರ. ಈ ಬೆಟ್ಟದ ಹೆಸರನ್ನೇ ನಾವು ಕನ್ನಡದಲ್ಲಿ ಆ ಮರಕ್ಕೆ ಇಟ್ಟುಬಿಟ್ಟಿದ್ದೇವೆ. ಆದರೆ ಅದರ ತವರು ಆಸ್ಟ್ರೇಲಿಯಾ. ಬ್ರಿಟಿಷರು ಇಲ್ಲಿ ಊರು ಕಟ್ಟಿದ ಮೇಲೆ ಸೌದೆಗೆ ಬರ ಬಂತು. ಅದಕ್ಕಂತಲೇ 1840ರ ದಶಕದಿಂದ ಇದನ್ನು ತಂದು ನೆಟ್ಟರು. ಊಟಿಯ ಬ್ಲೂ ಗಮ್ ಮತ್ತು ನಮ್ಮ ಬಯಲುಸೀಮೆಯ ನೀಲಗಿರಿ ಒಂದೇ ಜಾತಿಯಲ್ಲ, ಅಣ್ಣತಮ್ಮಂದಿರು ಅನ್ನಬಹುದು.

ರಾತ್ರಿ ರೂಮಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ಕಂಬಳಿ ಎಳೆದುಕೊಂಡು ಕೇಳಿದರು: "ಹಂಗಾರೆ ಇಲ್ಲಿ ಮೊದ್ಲು ಏನಿತ್ತು?"

ಅವಲಾಂಚ್‌ನ ಕಾಡು

ಉತ್ತರ ಸಿಕ್ಕಿದ್ದು ಮರುದಿನ, ಅವಲಾಂಚ್‌ನಲ್ಲಿ. ಊಟಿಯಿಂದ ಗಂಟೆ, ಗಂಟೆ ಕಾಲಿನ ದಾರಿ. ಒಂದು ಹಂತದವರೆಗೆ ನಮ್ಮ ಕಾರು, ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ವ್ಯಾನು. ಬೆಳಗಿನ ಚಳಿಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿತ್ತು.

ಇಲ್ಲಿ ಬೆಟ್ಟದ ಮೈಯೆಲ್ಲ ಬರೀ ಹುಲ್ಲು. ಎರಡು ಬೆಟ್ಟ ಕೂಡುವ ತಗ್ಗಿನಲ್ಲಿ ಮಾತ್ರ ದಟ್ಟವಾದ, ಗಿಡ್ಡ ಮರಗಳ ಕಾಡು. ಅದೇ ಶೋಲಾ. ಗಾಳಿಗೆ, ರಾತ್ರಿಯ ಹಿಮಕ್ಕೆ ಬಯಲಲ್ಲಿ ಆ ಮರಗಳ ಸಸಿಗಳು ಬದುಕುವುದು ಕಷ್ಟ. ಅದಕ್ಕೇ ಹುಲ್ಲು ಹುಲ್ಲಿನ ಜಾಗದಲ್ಲಿ, ಕಾಡು ಕಾಡಿನ ಜಾಗದಲ್ಲಿ. ಇವೆರಡೂ ಸೇರಿದ್ದೇ ಈ ಬೆಟ್ಟದ ಅಸಲಿ ರೂಪ. ಇಂಥದ್ದೇ ಹುಲ್ಲುಗಾವಲು ಹತ್ತಿರದ ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿದೆ. ಅದು ತಮಿಳುನಾಡಿನ ರಾಜ್ಯಪ್ರಾಣಿ ನೀಲಗಿರಿ ಥಾರ್ ಎಂಬ ಕಾಡುಮೇಕೆಯ ಮನೆ. ತೋಡರು ತಮ್ಮ ಎಮ್ಮೆ ಮೇಯಿಸುತ್ತಾ ಬಂದಿದ್ದೂ ಇಂಥ ಹುಲ್ಲಿನಲ್ಲೇ. "ಖಾಲಿ ಬಿದ್ದಿದೆ" ಅಂದುಕೊಂಡು ಬ್ರಿಟಿಷರು, ಆಮೇಲೆ ನಮ್ಮವರು, ಮರ ನೆಟ್ಟಿದ್ದೂ ಇದೇ ಹುಲ್ಲುಗಾವಲಿನ ಮೇಲೆ. ಆಸ್ಟ್ರೇಲಿಯಾದಿಂದಲೇ ಬಂದ ವಾಟಲ್ ಮರಗಳನ್ನು ಈಗ ಕೆಲವು ಕಡೆ ಕಡಿದು ಮತ್ತೆ ಹುಲ್ಲು ಬೆಳೆಸುವ ಕೆಲಸ ನಡೆದಿದೆ.

ವ್ಯಾನು ನಿಂತ ಕಡೆ ಶೋಲಾದೊಳಗಿಂದ ಒಂದು ತೊರೆ ಬರುತ್ತಿತ್ತು. ಮಳೆ ನಿಂತು ಎಷ್ಟೋ ವಾರವಾಗಿತ್ತು. ಆದರೂ ನೀರು ಹರಿಯುತ್ತಲೇ ಇತ್ತು. ಮಳೆಗಾಲದ ನೀರನ್ನು ತರಗೆಲೆ, ಪಾಚಿ, ಮೆತ್ತನೆ ಮಣ್ಣು ಹಿಡಿದಿಟ್ಟುಕೊಂಡು ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಈ ಕಡೆಯ ನೀರು ಭವಾನಿಗೆ, ಭವಾನಿಯಿಂದ ಕಾವೇರಿಗೆ.

2019ರ ಆಗಸ್ಟ್‌ನಲ್ಲಿ ಇದೇ ಅವಲಾಂಚ್‌ನಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರ್‌ಗೂ ಹೆಚ್ಚು ಮಳೆ ಸುರಿದಿತ್ತು. ನಮ್ಮ ಕೋಲಾರ ಜಿಲ್ಲೆಗೆ ಇಡೀ ವರ್ಷಕ್ಕೆ ಬರುವುದೇ ಹೆಚ್ಚುಕಮ್ಮಿ 75 ಸೆಂಟಿಮೀಟರ್. ಇದನ್ನು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಪಂಚೆ ಎತ್ತಿ ಕಟ್ಟಿ, ತೊರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರಿಗೆ ಕೈ ಹಾಕಿದರು. ಆಮೇಲೆ ದಡದ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿದರು.

"ಮಣ್ಣು ಹೆಂಗೈತೆ ನೋಡು. ನಮ್ ತೋಪ್ನಾಗೆ ಒಂದು ಎರೆಹುಳ ಕಂಡು ಎಷ್ಟು ವರ್ಸ ಆತೋ."

ಜಗಳಕ್ಕೆ ಇಳಿಯಲು ಇದೇ ಸರಿಯಾದ ಸಮಯ ಅನ್ನಿಸಿತು. ಆದರೆ ಬಾಯಿ ಬರಲಿಲ್ಲ. ಆ ತೋಪು ಇಲ್ಲದಿದ್ದರೆ ನಾನೆಲ್ಲಿರುತ್ತಿದ್ದೆ?

ದೊಡ್ಡಬೆಟ್ಟದ ಮೇಲೆ

ಮಧ್ಯಾಹ್ನ ದೊಡ್ಡಬೆಟ್ಟಕ್ಕೆ ಹೋದೆವು. 2637 ಮೀಟರ್, ನೀಲಗಿರಿಯ ಅತಿ ಎತ್ತರದ ಶಿಖರ. ತಮಿಳುನಾಡಿನಲ್ಲಿ ನಮ್ಮ ಭಾಷೆಯ ಹೆಸರು ನೋಡಿ ಅಪ್ಪನಿಗೆ ಖುಷಿಯೋ ಖುಷಿ. ಇಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಟೀ ಅಂಗಡಿಯಲ್ಲಿ ಒಬ್ಬ ಬಡಗ ಅಜ್ಜನ ಜೊತೆ ಅಪ್ಪ ಅರ್ಧ ಗಂಟೆ ಮಾತಾಡಿದರು. ಅವರದು ಅವರ ಭಾಷೆ, ಇವರದು ಕೋಲಾರದ ಕನ್ನಡ. ಅರ್ಧ ಅರ್ಥವಾಯಿತಂತೆ, ಇನ್ನರ್ಧಕ್ಕೆ ಕೈಸನ್ನೆ ಇತ್ತು. ಮಾತೆಲ್ಲ ಟೀ ಸೊಪ್ಪಿನ ರೇಟು, ರಾಗಿ, ನೀರು.

ವಾಪಸ್ ಬರುವಾಗ ಗುಂಡ್ಲುಪೇಟೆ ಹತ್ತಿರ ಅಪ್ಪ ತಾವಾಗೇ ಕೇಳಿದರು. "ಜೇಸಿಬಿಗೆ ಗಂಟೆಗೆ ಎಷ್ಟು ತಗೊಳ್ತಾರೋ ಈಗ?"

"ನಾನು ಕೊಡ್ತೀನಿ ಬಿಡಪ್ಪ."

"ಎರಡು ಎಕರೆನೂ ಆಗಲ್ಲ ಕಣಮ್ಮಾ. ಒಂದು ಮಾಡೋಣ. ಇನ್ನೊಂದು ಆಮೇಲೆ ನೋಡಾಣ."

ಯುಗಾದಿಗೆ ಮುಂಚೆ ಒಂದು ಎಕರೆಯ ಬೊಡ್ಡೆ ಎದ್ದವು. ಮಳೆ ಬಿದ್ದ ಮೇಲೆ ಹೊಂಗೆ, ಹಲಸು, ಹುಣಸೆ ನೆಟ್ಟೆವು, ನಡುವೆ ಅವರೆ, ತೊಗರಿ. ಇನ್ನೊಂದು ಎಕರೆಯಲ್ಲಿ ನೀಲಗಿರಿ ಮತ್ತೆ ಎದೆಯೆತ್ತರ ಚಿಗುರಿದೆ. ಚಿಕ್ಕಪ್ಪನ ಬೋರಿಗೆ ನೀರು ಬಂದಿಲ್ಲ, ಇಷ್ಟು ಬೇಗ ಬರುವುದೂ ಇಲ್ಲ. ಹೋದ ವಾರ ಅಪ್ಪ ಫೋನ್ ಮಾಡಿ ಹೇಳಿದ್ದು ಒಂದೇ ಸುದ್ದಿ: ಹಲಸಿನ ಗಿಡದ ಬುಡದಲ್ಲಿ ಎರೆಹುಳ ಕಂಡಿತಂತೆ.

ನೀವೂ ಹೊರಟಿದ್ದರೆ

* ನೀಲಗಿರಿ ಜಿಲ್ಲೆಗೆ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು, 2024ರ ಮೇ ತಿಂಗಳಿಂದ ಜಾರಿಯಲ್ಲಿದೆ. ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ.
* ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ವಾಪಸಾತಿಯ ಲೆಕ್ಕ ಸರಿಯಾಗಿ ಹಾಕಿ.
* ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವ ಹಾಗಿಲ್ಲ. ಸ್ಟೀಲ್ ಬಾಟಲಿ ಇರಲಿ.
* ಅವಲಾಂಚ್‌ಗೆ ಬೆಳಿಗ್ಗೆ ಬೇಗ ಹೋಗಿ. ವ್ಯಾನ್ ಓಡುತ್ತಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ. ಜೋರು ಮಳೆಯ ದಿನಗಳಲ್ಲಿ ಆ ಕಡೆ ಬೇಡ.
* ಎರಡು ದಿನವಿದ್ದರೆ ಒಂದು ದಿನ ಕೆರೆ, ಗಾರ್ಡನ್‌ಗೆ ಕೊಡಿ. ಇನ್ನೊಂದನ್ನು ಶೋಲಾಗೆ ಇಟ್ಟುಕೊಳ್ಳಿ. ಅಪ್ಪನೋ ಅಮ್ಮನೋ ಜೊತೆಗಿದ್ದರೆ ಇನ್ನೂ ಒಳ್ಳೇದು. ಮಣ್ಣು ನೋಡೋಕೆ ಅವರಿಗೆ ಬರುತ್ತೆ.