ಬಾಟಲಿಯ ಬೆನ್ನ ಮೇಲಿನ ಊರು

ರೋಣ, ನರಗುಂದ, ಗಜೇಂದ್ರಗಡದ ಕಡೆ ಹಳೆಯ ಮಾಳಿಗೆ ಮನೆ ಕೆಡವಿದಾಗಲೋ, ಗುಜರಿಯವನ ಚೀಲ ನೆಲಕ್ಕೆ ಸುರಿದಾಗಲೋ ಒಮ್ಮೊಮ್ಮೆ ಅಂಥ ಬಾಟಲಿ ಕಣ್ಣಿಗೆ ಬೀಳುತ್ತಿತ್ತು. ತಿಳಿಹಸಿರು ಗಾಜು, ಕೈಗೆ ಭಾರ, ಯಾರೋ ಎರಡು ಬೆರಳಿನಿಂದ ಹಿಸುಕಿ ಬಿಟ್ಟಂತಿದ್ದ ಕುತ್ತಿಗೆ, ಅದರೊಳಗೆ ಗಡಗಡ ಉರುಳುವ ಒಂದು ಗೋಲಿ. ಧೂಳು ಒರೆಸಿದರೆ ಗಾಜಿನ ಮೈಮೇಲೆ ಉಬ್ಬಕ್ಷರ ಮೂಡುತ್ತಿದ್ದವು. ಎದುರಿಗೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರು. ಬೆನ್ನಿಗೋ ಬುಡದ ಹತ್ತಿರವೋ ಸಣ್ಣ ಅಕ್ಷರದಲ್ಲಿ ಇನ್ನೊಂದು. ಬಾಟಲಿ ಹುಟ್ಟಿದ ಊರು ಇವುಗಳಲ್ಲಿ ಯಾವುದು? ಸಂಗ್ರಹಕಾರರನ್ನು ಬಹುಕಾಲ ಅಡ್ಡದಾರಿಗೆ ಎಳೆದ ಪ್ರಶ್ನೆ ಇದು. ಉತ್ತರದ ಎಳೆ ಹಿಡಿದು ಹೊರಟವರು ಹೋಗಿ ಮುಟ್ಟಿದ್ದು ಬಿರಡೆ ಮಾರುವ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಒಬ್ಬ ಮನುಷ್ಯನ ಬಳಿಗೆ.

ಆದರೆ ಬಿರಡೆಗಿಂತ ಮೊದಲು ಗಾಳಿಯ ಕತೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಗೆ ಸಿಕ್ಕಿದ ಮನೆ ಒಂದು ಬಿಯರ್ ಭಟ್ಟಿಯ ಪಕ್ಕದಲ್ಲಿತ್ತು. ಬೇರೆಯವರಾಗಿದ್ದರೆ ಆ ಹುಳಿವಾಸನೆಗೆ ಮನೆ ಬದಲಿಸುತ್ತಿದ್ದರೇನೋ. ಪ್ರೀಸ್ಟ್ಲಿ ಮಾತ್ರ ಭಟ್ಟಿಗೇ ಹೋಗಿ ನಿಂತ. ಹುದುಗುತ್ತಿದ್ದ ತೊಟ್ಟಿಯ ಮೇಲೆ ಕವಿದಿದ್ದ ಭಾರದ ಗಾಳಿಯಲ್ಲಿ ನೀರು ಹಿಡಿದು ನೋಡಿದ. ನೀರು ಚುರುಗುಟ್ಟುವ ರುಚಿ ಪಡೆಯಿತು. 1772ರಲ್ಲಿ ಆ ವಿಧಾನವನ್ನು ಅಚ್ಚು ಹಾಕಿಸಿ ಎಲ್ಲರಿಗೂ ಬಿಟ್ಟುಕೊಟ್ಟ. ಹನ್ನೊಂದು ವರ್ಷಗಳ ಮೇಲೆ, 1783ರಲ್ಲಿ, ಜಿನೀವಾದ ಜೇಕಬ್ ಶ್ವೆಪ್ ಅದನ್ನೇ ವ್ಯಾಪಾರವಾಗಿಸಿದ.

ಗಾಳಿಯನ್ನು ನೀರಿಗೆ ಸೇರಿಸುವುದು ಗೊತ್ತಾಯಿತು, ಅದನ್ನು ಅಲ್ಲೇ ಹಿಡಿದಿಡುವುದು ಗೊತ್ತಾಗಲಿಲ್ಲ. ಆಗ ಇದ್ದದ್ದು ಕಾರ್ಕಿನ ಬಿರಡೆ ಒಂದೇ. ಅದು ಒಣಗಿದರೆ ಕುಗ್ಗುತ್ತಿತ್ತು, ಕುಗ್ಗಿದ ಸಂದಿಯಿಂದ ಗಾಳಿ ಸದ್ದಿಲ್ಲದೆ ಜಾರಿ ಹೋಗುತ್ತಿತ್ತು. ಗಟ್ಟಿಯಾಗಿ ಜಡಿದು ತಂತಿ ಬಿಗಿದರೆ ಕೆಲವೊಮ್ಮೆ ಬಾಟಲಿಯೇ ಸಿಡಿಯುತ್ತಿತ್ತು. ವಿಲಿಯಂ ಹ್ಯಾಮಿಲ್ಟನ್ ಎಂಬವನ 1809ರ ಪೇಟೆಂಟಿನಲ್ಲಿ ಮೊಟ್ಟೆಯಾಕಾರದ ಬಾಟಲಿಯ ಮಾತು ಬಂತು. ಅದನ್ನು ನಿಲ್ಲಿಸಲು ಬರುತ್ತಿರಲಿಲ್ಲ, ಮಲಗಿಸಲೇಬೇಕು. ಮಲಗಿದರೆ ಒಳಗಿನ ನೀರು ಕಾರ್ಕನ್ನು ಸದಾ ತೋಯಿಸುತ್ತದೆ, ತೋಯ್ದ ಕಾರ್ಕು ಕುಗ್ಗುವುದಿಲ್ಲ. ಜಾಣ ಉಪಾಯವೇ ಸರಿ. ಅರುವತ್ತು ವರ್ಷ ಸೋಡಾ ಜಗತ್ತು ಅದರ ಮೇಲೆಯೇ ನಡೆಯಿತು. ಆದರೂ ಪ್ರತಿ ಬಾಟಲಿಗೂ ಹೊಸ ಕಾರ್ಕು ಬೇಕಾಗುತ್ತಿತ್ತು, ಬಿಗಿಯಲು ಆಳು ಬೇಕಾಗುತ್ತಿತ್ತು, ಸೋರುವುದು ಪೂರ್ತಿ ನಿಂತಿರಲಿಲ್ಲ.

ಹೈರಮ್ ಕಾಡ್ 1838ರಲ್ಲಿ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಹುಟ್ಟಿದವನು. ಕಾರ್ಕು ಮಾರುವ ಕಂಪನಿಯ ಪರವಾಗಿ ಊರೂರು ತಿರುಗುವುದು ಅವನ ನೌಕರಿ. ಸೋಡಾ ಕಾರ್ಖಾನೆಗಳ ಬಾಗಿಲು ತಟ್ಟಿದಲ್ಲೆಲ್ಲ ಅವನ ಕಿವಿಗೆ ಬಿದ್ದದ್ದು ಕಾರ್ಕಿನ ಮೇಲಿನ ದೂರು. ಅನ್ನ ಕೊಡುತ್ತಿದ್ದ ವಸ್ತುವನ್ನೇ ಬೇಡವೆನಿಸುವ ಯೋಚನೆ ಅವನ ತಲೆಯಲ್ಲಿ ಬೇರು ಬಿಟ್ಟದ್ದು ಹೀಗೆ. ಅದುವರೆಗೆ ಬಹುತೇಕ ಎಲ್ಲರೂ ಬಿರಡೆಯನ್ನು ಹೊರಗಿನಿಂದ ಒಳಕ್ಕೆ ಜಡಿದಿದ್ದರು, ಗಾಳಿ ಅದನ್ನು ಹೊರಕ್ಕೆ ತಳ್ಳಿತ್ತು. ಕಾಡ್ ಲೆಕ್ಕವನ್ನೇ ತಿರುಗಿಸಿ ಹಾಕಿದ. ಬಿರಡೆ ಒಳಗೇ ಇರಲಿ. ತಳ್ಳುವ ಗಾಳಿಯೇ ಅದನ್ನು ಬಾಯಿಗೆ ಒತ್ತಿ ಹಿಡಿಯಲಿ. ಒತ್ತಡ ಹೆಚ್ಚಿದಷ್ಟೂ ಬಾಯಿ ಬಿಗಿಯಾಗಲಿ!

ಕಾಗದದ ಮೇಲೆ ಒಂದು ಸಾಲಿನ ಯೋಚನೆ. ಗಾಜಿನಲ್ಲಿ ಅದು ಅವನ ವರ್ಷಗಳನ್ನೇ ನುಂಗಿತು. ಗಾಜಿನ ಗುಂಡನ್ನು ಬಿರಡೆ ಮಾಡಿದರೆ ಅದು ಎಲ್ಲಾ ಕಡೆಯಿಂದಲೂ ಒಂದೇ ಸಮ ದುಂಡಗಿರಬೇಕು, ಕೂದಲೆಳೆಯಷ್ಟು ಓರೆಯಿದ್ದರೂ ಗಾಳಿ ಸೋರೀತು. ಗಾಜಿಗೆ ಗಾಜು ತಾಗಿದರೆ ಬಿಗಿಯಾಗದು, ನಡುವೆ ರಬ್ಬರಿನ ಬಳೆ ಬೇಕು. ಒತ್ತಡಕ್ಕೆ ಆ ಬಳೆ ಕಿತ್ತು ಹಾರದಂತೆ ಬಾಯಿಯ ಒಳಗೋಡೆಯಲ್ಲಿ ಒಂದು ಗಾಡಿ, ಅಂದರೆ ಸುತ್ತುತೋಡು, ಕೊರೆದಿರಬೇಕು. ತಣ್ಣಗಾದ ಗಾಜಿನಲ್ಲಿ ಅದನ್ನು ಕೊರೆಯುವ ಹಾಗಿಲ್ಲ, ಕಾದ ಗಾಜು ಗಟ್ಟಿಯಾಗುವ ಮುಂಚಿನ ಕ್ಷಣಗಳಲ್ಲಿಯೇ ಮೂಡಿಸಬೇಕು. ಅಷ್ಟೆಲ್ಲ ಕೂಡಿ ಬಂದರೂ ಇನ್ನೊಂದು ಪೇಚು ಉಳಿಯಿತು. ಗೋಲಿ ಒತ್ತಿ ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದ ಕೂಡಲೇ ಗೋಲಿ ಉರುಳಿ ಬಂದು ಮತ್ತೆ ಬಾಯಿ ಮುಚ್ಚುತ್ತಿತ್ತು. ಸೋಡಾ ಒಳಗೆ, ಬಾಯಾರಿದವನು ಹೊರಗೆ.

1870ರಲ್ಲಿ ಮೊದಲ ಪೇಟೆಂಟ್ ಕೈಗೆ ಬಂದರೂ ಕಾಡ್ ಅಲ್ಲಿಗೆ ನಿಲ್ಲಲಿಲ್ಲ. ಕೈಯಲ್ಲಿ ಹಣವಿರಲಿಲ್ಲ, ಸೋಡಾ ವ್ಯಾಪಾರದವರ ನೆರವಿನಿಂದ ಲಂಡನ್ನಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರಯೋಗ ಮುಂದುವರಿಯಿತು. 1872, 1873ರ ಹೊತ್ತಿಗೆ ಬಾಟಲಿ ತನ್ನ ಕೊನೆಯ ರೂಪಕ್ಕೆ ಬಂತು. ಕುತ್ತಿಗೆಯ ಬುಡವನ್ನು ಹಿಸುಕಿದ್ದರಿಂದ ಗೋಲಿ ಹೊಟ್ಟೆಗೆ ಬೀಳಲಾಗುತ್ತಿರಲಿಲ್ಲ. ಕುತ್ತಿಗೆಯ ಒಂದು ಮಗ್ಗುಲಲ್ಲಿ ಎರಡು ಗುಳಿ ಒತ್ತಿದ್ದರಿಂದ ಬಾಟಲಿಯನ್ನು ಆ ಮಗ್ಗುಲಿಗೆ ಬಗ್ಗಿಸಿದಾಗ ಗೋಲಿ ಅಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ರೋಣದ ಸಂತೆಯಲ್ಲಿ ಸೋಡಾ ಕುಡಿಯುವ ಹುಡುಗನಿಗೂ ಕೈಯಭ್ಯಾಸದಿಂದಲೇ ಬಂದುಬಿಡುವ ಆ ಓರೆ, ಒಬ್ಬ ಮನುಷ್ಯ ವರ್ಷಗಟ್ಟಲೆ ಸೋತು ಸೋತು ಹುಡುಕಿ ತೆಗೆದದ್ದು.

1873ರ ನಡುವಿಗೆ ಇಪ್ಪತ್ತು ಕಾರ್ಖಾನೆಗಳು ಪರವಾನಗಿ ಪಡೆದಿದ್ದವು, ಇನ್ನೂ ಐವತ್ತು ಅರ್ಜಿಗಳು ಕಾದಿದ್ದವು. ಮರುವರ್ಷ ಕಾಡ್ ಗಾಜಿನ ಕಾರ್ಖಾನೆಗಳಿಗೆ ಪರವಾನಗಿಯನ್ನು ಪುಕ್ಕಟೆ ಮಾಡಿದ. ಆದರೆ ಗೋಲಿ, ರಬ್ಬರ್ ಬಳೆ ತನ್ನಿಂದಲೇ ಕೊಳ್ಳಬೇಕು, ಗಾಡಿ ಮೂಡಿಸುವ ಉಪಕರಣ ತನ್ನದೇ ಬಳಸಬೇಕು ಎಂಬ ಕರಾರು ಹಾಕಿದ. ವ್ಯಾಪಾರಕ್ಕೆ ಅದು ಒಳ್ಳೆಯ ನಡೆ, ಮುಂದೆ ಬಾಟಲಿಯ ಮೂಲ ಹುಡುಕುವವರಿಗೆ ಮಾತ್ರ ದೊಡ್ಡ ತೊಡಕು. ಒಂದೇ ಆಕಾರ, ಒಂದೇ ಗೋಲಿ, ಮೈಮೇಲೆ ಕಾಡ್‌ನದೇ ಪೇಟೆಂಟ್ ಹೆಸರು, ಊದಿದ ಕುಲುಮೆಗಳು ಮಾತ್ರ ಹತ್ತಾರು ಊರುಗಳಲ್ಲಿ.

ಆ ಊರುಗಳಲ್ಲಿ ಒಂದು ಯಾರ್ಕ್‌ಷೈರಿನ ಬಾರ್ನ್ಸ್ಲಿ. ಅಲ್ಲಿನ ಹೋಪ್ ಗ್ಲಾಸ್ ವರ್ಕ್ಸ್‌ನ ಬೆನ್ ರೈಲ್ಯಾಂಡ್ಸ್ ಜೊತೆ ಕಾಡ್ 1877ರಲ್ಲಿ ಪಾಲುಗಾರಿಕೆ ಹೂಡಿದ. 1881ರಲ್ಲಿ ಬೆನ್ ತೀರಿಕೊಂಡ, ಮಗ ಡ್ಯಾನ್ ಕುಲುಮೆ ವಹಿಸಿಕೊಂಡ. 1884ರ ಹೊತ್ತಿಗೆ ಡ್ಯಾನ್ ಕಾಡ್‌ನ ಪಾಲನ್ನೂ ಕೊಂಡು ತಾನೊಬ್ಬನೇ ಒಡೆಯನಾದ. 1887ರ ಫೆಬ್ರವರಿಯಲ್ಲಿ, ಐವತ್ತು ತುಂಬುವ ಮೊದಲೇ, ಹೈರಮ್ ಕಾಡ್ ಕಣ್ಣುಮುಚ್ಚಿದ. ಬೆನ್‌ನ ಸಾವು, ಕಾಡ್‌ನ ಬೇರ್ಪಡಿಕೆ. ಇವು ಅಚ್ಚಿನ ಅಕ್ಷರಗಳಲ್ಲಿ ಇಳಿದು ಬಾಟಲಿಯ ಬೆನ್ನಿಗೆ ಅಂಟಿಕೊಂಡವು. ಅದನ್ನು ಓದುವ ಕಣ್ಣು ಮಾತ್ರ ಇನ್ನೂ ಹುಟ್ಟಬೇಕಿತ್ತು.

ಅಷ್ಟರಲ್ಲಿ ಸೋಡಾ ಸಮುದ್ರ ದಾಟಿಯಾಗಿತ್ತು. ಬೊಂಬಾಯಿಯಲ್ಲಿ ಪಾರ್ಸಿಗಳು ಅದನ್ನು ತಮ್ಮದಾಗಿಸಿಕೊಂಡರು. 1865ರಲ್ಲಿ ಪಲ್ಲೋಂಜಿ, 1889ರಲ್ಲಿ ಡ್ಯೂಕ್ಸ್ ಎಂಬ ಸೋಡಾ ಕಂಪನಿಗಳು ಹುಟ್ಟಿದವು. ಆಗ ರೋಣ ಬೊಂಬಾಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮಳೆಗಾಲದಲ್ಲಿ ಬಂಡಿಯ ಗಾಲಿಯನ್ನು ಅಚ್ಚಿನವರೆಗೂ ನುಂಗುವ ಎರೆಭೂಮಿ ಇದು; ಗಾಜಿನಂಥ ಸರಕನ್ನು ಎತ್ತಿನ ಬಂಡಿಯಲ್ಲಿ ತರಲು ಎದೆಗಾರಿಕೆ ಬೇಕಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಟಗಿಯಿಂದ ಗದಗಿಗೆ ಹಳಿ ಹಾಸಿತು. ಆ ಹಳಿ ರೋಣ ತಾಲೂಕಿನ ಹೊಳೆ ಆಲೂರು, ಮಲ್ಲಾಪುರಗಳನ್ನು ಹಾದು ಹೋಯಿತು. ಬಾಟಲಿಯ ಪೆಟ್ಟಿಗೆಗಳು ಒಡೆಯದೆ ಬರಲು ದಾರಿಯಾಯಿತು.

ಬಂದ ಬಾಟಲಿ ಉಳಿಯುವುದು ಸುಲಭವಿರಲಿಲ್ಲ. ಗೋಲಿಯ ಆಸೆಗೆ ಮಕ್ಕಳು ಅದನ್ನು ಕಲ್ಲಿಗೆ ಕುಕ್ಕಿದರು, ಇಲ್ಲಿಯೂ, ಇಂಗ್ಲೆಂಡಿನಲ್ಲಿಯೂ. ಒಬ್ಬರ ಬಾಟಲಿಗೆ ಇನ್ನೊಬ್ಬರು ಸೋಡಾ ತುಂಬುವ ಕಳ್ಳತನ ಎಷ್ಟು ಬೆಳೆಯಿತೆಂದರೆ, ದೂರದಿಂದಲೇ ಗುರುತು ಹತ್ತಲೆಂದು ಕೆಲವು ಕಾರ್ಖಾನೆಗಳು ಬಾಯಿಗೆ ಮಾತ್ರ ನೀಲಿಯೋ ಕಂದೋ ಬಣ್ಣದ ಗಾಜು ಹಾಕಿಸಿದವು. ಪೂರ್ತಿ ನೀಲಿ ಬಾಟಲಿಗಳು ಬೆರಳೆಣಿಕೆಯಷ್ಟೇ ಉಳಿದವು. ಇಂಗ್ಲೆಂಡಿನ ಹರಾಜಿನಲ್ಲಿ ಅವು ಸಾವಿರಾರು ಪೌಂಡಿಗೆ ಹೋದದ್ದುಂಟು. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಕ್ರೌನ್ ಮುಚ್ಚಳ ತಂದ. ಅಗ್ಗದ ಆ ಮುಚ್ಚಳದ ಮುಂದೆ ಕಾಡ್‌ನ ಗೋಲಿ ತನ್ನ ಹುಟ್ಟೂರಿನಲ್ಲಿಯೇ ಸೋತು ಹಿಂದೆ ಸರಿಯಿತು. ಬಾಟಲಿಗಳು ತಿಪ್ಪೆ ಸೇರಿದವು.

ಅಲ್ಲಿಂದಲೇ ಅವು ಎದ್ದೂ ಬಂದವು. 1970ರ ದಶಕದಲ್ಲಿ ಬ್ರಿಟನ್ನಿನ ಊರ ಹೊರಗಿನ ಹಳೆಯ ತಿಪ್ಪೆಗಳನ್ನು ಅಗೆಯುವ ಹವ್ಯಾಸಿಗಳ ಗುಂಪೇ ಹುಟ್ಟಿಕೊಂಡಿತು. ರಜೆಯ ದಿನ ಸಲಿಕೆ ಹಿಡಿದು ಬಂದವರು ಆಳುದ್ದ ಇಳಿಯುತ್ತಿದ್ದರು. ಒಲೆಗಳ ಕಲ್ಲಿದ್ದಲ ಬೂದಿಯ ಮೆತ್ತನೆಯ ಹಾಸಿನಲ್ಲಿ ಬಾಟಲಿಗಳು ಒಡೆಯದೆ ಮಲಗಿದ್ದವು. ತೊಳೆದು ನೋಡಿದವರು ಮೊದಲು ಎದುರಿನ ದೊಡ್ಡ ಹೆಸರನ್ನೇ ನಂಬಿದರು, ಆ ಊರಿನಲ್ಲಿ ಗಾಜಿನ ಕುಲುಮೆ ಹುಡುಕಿದರು. ಎಷ್ಟೋ ಕಡೆ ಕುಲುಮೆಯೇ ಇದ್ದಿರಲಿಲ್ಲ! ಹಳೆಯ ವ್ಯಾಪಾರಿ ಪಟ್ಟಿಗಳನ್ನು ತಿರುವಿದಾಗ ಆ ಹೆಸರಿನ ಮುಂದೆ ಸಿಕ್ಕಿದ್ದು ಸೋಡಾ ತುಂಬುವವನ ವಿಳಾಸ. ಬೇರೆ ಬೇರೆ ಊರಿನ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಬೆನ್ನು ತಿರುಗಿಸಿದಾಗ ಗುಟ್ಟು ಬಿಚ್ಚಿಕೊಂಡಿತು. ಎದುರಿನ ಹೆಸರು ಊರಿಗೊಂದಾದರೂ ಬೆನ್ನಿನ ಮೇಲೆ ಮರಳಿ ಮರಳಿ ಅದೇ ಬಾರ್ನ್ಸ್ಲಿ, ಅದೇ ರೈಲ್ಯಾಂಡ್ಸ್.

ಎದುರಿಗಿದ್ದದ್ದು ಬಾಟಲಿ ತರಿಸಿಕೊಂಡವನ ಹೆಸರು, ಬೆನ್ನಿಗೆ ಅಥವಾ ಬುಡಕ್ಕಿದ್ದದ್ದು ಊದಿದ ಕುಲುಮೆಯ ಹೆಸರು. ರೈಲ್ಯಾಂಡ್ಸ್, ಕಾಡ್ ಇಬ್ಬರ ಹೆಸರೂ ತಯಾರಕರಾಗಿ ಜೊತೆಗಿದ್ದರೆ ಅದು ಪಾಲುಗಾರಿಕೆಯ ಕಾಲದ್ದು. ಡ್ಯಾನ್ ರೈಲ್ಯಾಂಡ್ಸ್ ಒಬ್ಬನದೇ ಇದ್ದರೆ ಕಾಡ್ ಬಿಟ್ಟುಹೋದ ಮೇಲಿನದು. ಕೊನೆಯ ಸಾಕ್ಷಿ ಬಿರಡೆಯ ಮನೆಯಲ್ಲಿಯೇ ಇತ್ತು. ಅಚ್ಚಿನಲ್ಲಿ ಊದುವಾಗ ಕುತ್ತಿಗೆಯ ತುದಿಯನ್ನು ಅಗಲವಾಗಿ ಬಿಟ್ಟು, ಗೋಲಿ ಒಳಗೆ ಹಾಕಿ, ಆ ತುದಿಯನ್ನು ಮತ್ತೆ ಕಾಯಿಸಿ, ಉಪಕರಣ ತಿರುಗಿಸುತ್ತ ಬಾಯಿ ಕಟ್ಟುತ್ತಿದ್ದರು. ಗಾಡಿ ಮೂಡುತ್ತಿದ್ದದ್ದು ಆಗಲೇ. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಮೈಮೇಲೆಲ್ಲ ಏರಿ ಬಂದು ಬಾಯಿಯ ಕೆಳಗೆ ಅಳಿಸಿಹೋಗುತ್ತಿದ್ದದ್ದು ಆ ತಿರುಗುವಿಕೆಯಿಂದ. ಗಾಜಿನೊಳಗಿನ ಸಣ್ಣ ಗುಳ್ಳೆಗಳು, ತಳದಲ್ಲಿ ಬಳಕೆಯಿಂದ ಸವೆದ ಉಂಗುರ, ಇವೂ ಕೂಡಿ ಬಂದರೆ ಅದು ಉತ್ತರ ಪ್ರದೇಶದ ಸಾಸ್ನಿಯಲ್ಲಿ ಇತ್ತೀಚೆಗೆ ತಯಾರಾದ ಗೋಲಿ ಸೋಡಾ ಬಾಟಲಿಯಾಗಿರುವ ಸಂಭವ ಕಡಿಮೆ. ಅಂಥ ಗುರುತುಗಳ ಜೊತೆಗೆ ಬೆನ್ನ ಮೇಲೆ ಆ ಇಬ್ಬರು ಪಾಲುಗಾರರ ಹೆಸರನ್ನೂ ಹೊತ್ತ ಬಾಟಲಿ ರೋಣದಲ್ಲೋ ನರಗುಂದದಲ್ಲೋ ಸಿಕ್ಕರೆ, ಅದು ಬಾರ್ನ್ಸ್ಲಿಯ ಕುಲುಮೆಯಿಂದ ಹೊರಬಿದ್ದದ್ದು ಗದಗಿಗೆ ಹಳಿ ಬಂದ ಹೊತ್ತಿನಲ್ಲಿ, ಇಲ್ಲವೇ ಅದಕ್ಕೂ ಮೊದಲು.